ಉಪ್ಪು ಒಂದು ಕೈ ಹೆಚ್ಚು

ಗಿಡ್ಡಮ್ಮ ಪಲ್ಯದ ಗಡಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಹಿತ್ತಲ ಬಾಗಿಲು ದಾಟುತ್ತಿದ್ದಳು. ಪಡಸಾಲೆಯಿಂದ ನಾಗಲಿಂಗಮ್ಮನ ದನಿ ಬಂತು.

"ಗಿಡ್ಡಮ್ಮ, ಆ ಗಡಿಗಿ ಚೆಲ್ಲಬ್ಯಾಡ."

ಸುತ್ತ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ನಾಗಲಿಂಗಮ್ಮನ ಪಕ್ಕದಲ್ಲಿ ಸತ್ತ ಗಂಡನನ್ನು ಗೋಡೆಗೆ ಆನಿಸಿ ಕೂರಿಸಿದ್ದಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಎಡಗೈಯಲ್ಲಿ ಲಿಂಗ. ಬೆಳಗಿನಿಂದ ಈಕೆ ಬಾಯಿ ಬಿಟ್ಟು ಅತ್ತದ್ದು ಒಂದೇ ಸಲ. ಆಮೇಲೆ ಆಡಿದ ಮೊದಲ ಮಾತು ಪಲ್ಯದ ಗಡಿಗೆಯದು.

"ಸಾವಾದ ಮನಿಯಾಗ ಬೇಯಿಸಿದ್ದು ಇಟ್ಕೋಬಾರದವ್ವ" ಎಂದಳು ಓಣಿಯ ಹಿರಿಯಳು ಚೌಡಕ್ಕ.

"ಒಳಗ ಇಟ್ಕೊಳ್ಳಂಗಿಲ್ಲ. ಹಿತ್ತಲದಾಗ ಇರ್ಲಿ. ಚೆಲ್ಲಬ್ಯಾಡ ಅಂದೆ, ಅಷ್ಟ."

ಗಿಡ್ಡಮ್ಮ ಯಾಕೆಂದು ಕೇಳಲಿಲ್ಲ. ಪಕ್ಕದ ಮನೆಯವಳು, ಒಂದೇ ಗೋಡೆಯ ಆಚೆ ಈಚೆ ಬಾಳಿದವಳು. ಗಡಿಗೆಯನ್ನು ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿಟ್ಟು, ಬಾಯಿಗೆ ತಾಟು ಮುಚ್ಚಿ, ಮೇಲೊಂದು ಬುಟ್ಟಿ ಕವುಚಿದಳು. ನಾಯಿ ಬಂದೀತೆಂದು ಬುಟ್ಟಿಯ ಮೇಲೊಂದು ಕಲ್ಲನ್ನೂ ಹೇರಿದಳು.

ಸತ್ತವನು ಪಂಚಾಕ್ಷರಪ್ಪ. ಕೊಟ್ಟೂರಿನಲ್ಲಿ ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರು, ಆದರೆ ಪೇಪರ್ ಪಂಚಾಕ್ಷರಪ್ಪ ಒಬ್ಬನೇ. ಹರೆಯದಿಂದ ಈ ಅರವತ್ತೆಂಟರವರೆಗೆ ಊರಿಗೆ ಪೇಪರ್ ಹಂಚಿದವನು. ಅವನು ಹೋದ ಸುದ್ದಿಯನ್ನು ಊರಿಗೆ ಯಾರೂ ಹೇಳಬೇಕಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸು ಪೇಪರಿನ ಕಟ್ಟುಗಳನ್ನು ಇಳಿಸಿ ಹೋಯಿತು. ಅವು ಕಟ್ಟಿದ್ದ ಹಾಗೆಯೇ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದವು. ಚಹಾದ ಜೊತೆ ಪೇಪರಿಲ್ಲದೆ ಚಡಪಡಿಸಿದವರು ಒಬ್ಬೊಬ್ಬರಾಗಿ ಬಯ್ಯಲಿಕ್ಕೆಂದು ಅವನ ಮನೆಗೆ ಬಂದು, ಬೈಗುಳವನ್ನು ನುಂಗಿಕೊಂಡು, ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನಿದ್ದೆಯಲ್ಲೇ ಹೋಗಿದ್ದ. ಒಳ್ಳೆಯ ಸಾವು ಎಂದು ಎಲ್ಲರೂ ಅಂದರು. ಒಳ್ಳೆಯ ಸಾವೇ.

ವಿಚಿತ್ರದ ಮನುಷ್ಯ. ಊರಿಗೆಲ್ಲ ಇವತ್ತಿನ ಪೇಪರ್ ಕೊಟ್ಟು ತಾನು ನಿನ್ನೆಯದು ಓದುತ್ತಿದ್ದ. ಯಾಕೆಂದು ಕೇಳಿದರೆ, "ಸುದ್ದಿ ಒಂದು ರಾತ್ರಿ ಮಲಗಿ ಏಳಬೇಕು. ಅಷ್ಟರಾಗ ಅರ್ಧ ಸುಳ್ಳಾಗಿರ್ತೈತಿ. ನನಗ ಅಷ್ಟು ಓದೋದು ಉಳೀತೈತಿ" ಎನ್ನುತ್ತಿದ್ದ. ಮಿಠಾಯಿ ಅಂಗಡಿಯವನು ತನ್ನ ಜಿಲೇಬಿ ತಾನು ತಿನ್ನುವುದಿಲ್ಲ ಎಂದು ಜನ ನಗುತ್ತಿದ್ದರು. ಮನೆಯ ಟೀವಿಯ ಮೇಲೆ ಸದಾ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿರುತ್ತಿತ್ತು. ಸಂಜೆ ಹೆಂಡತಿಯ ಒಂದು ಧಾರಾವಾಹಿಗೆ ಅದನ್ನು ಸರಿಸುವುದು, ಮುಗಿದ ಕೂಡಲೇ ಹೊದಿಸುವುದು. "ಅದಕ್ಕೂ ನಿದ್ದಿ ಬ್ಯಾಡೇನು?" ಎನ್ನುವುದು.

ಮತ್ತೆ ಆ ಕರಿಹಲಗೆ. ಜಗಲಿಯ ಗೋಡೆಯ ಮೇಲೆ ಒಂದು ಹಲಗೆ ತೂಗುಹಾಕಿದ್ದ. ದಿನಾ ಸಂಜೆ ಊಟ ಮುಗಿಸಿ, ಹಿಂದಿನ ದಿನದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂದು ತಾನೇ ಕಂಡ, ಕೇಳಿದ ಅಥವಾ ಉಂಡ ಒಂದು ಸಂಗತಿಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. 'ಕೆರೆಯ ಏರಿಯ ಮೇಲೆ ಮೂರು ಬೆಳ್ಳಕ್ಕಿ ಕಂಡೆ. ನಾಲ್ಕನೆಯದು ಬಂದೀತೆಂದು ನಿಂತೆ. ಬರಲಿಲ್ಲ.' 'ಹೊಸ ಚಪ್ಪಲಿ ಕಚ್ಚುತ್ತಿದೆ. ಹಳೆಯದನ್ನು ಬಿಸಾಡಿದ್ದು ತಪ್ಪಾಯಿತು.' 'ಮಗಳ ಪತ್ರ ಬರಲಿಲ್ಲ, ಫೋನು ಬಂತು. ಪತ್ರವೇ ಚೆನ್ನಾಗಿತ್ತು.' ಇಷ್ಟೇ. ಅಂಗಡಿ ಮುಚ್ಚಿ ಮನೆಗೆ ಹೋಗುವವರು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ಅದನ್ನು ಓದಿ, ನಕ್ಕು, ಮುಂದೆ ಹೋಗುತ್ತಿದ್ದರು.

ಸೋಮವಾರ ಸಂಜೆ ಅವನು ಬರೆದದ್ದು ಈಗಲೂ ಅಲ್ಲಿಯೇ ಇತ್ತು.

'ಇವತ್ತು ಮನೆಯಲ್ಲಿ ಪುಂಡಿಪಲ್ಯ. ಉಪ್ಪು ಒಂದು ಕೈ ಹೆಚ್ಚು. ಆದರೂ ಎರಡು ರೊಟ್ಟಿ ಹೆಚ್ಚೇ ಉಂಡೆ.'

ಬಂದವರೆಲ್ಲ ಓದಿದರು. ಕಿರಾಣಿ ಅಂಗಡಿಯ ಗಾದೆಪ್ಪ ಮಾತ್ರ ಜೋರಾಗಿ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಮಠದ ಪ್ರವಚನವನ್ನು ಒಂದು ದಿನವೂ ತಪ್ಪಿಸದ ಮನುಷ್ಯ. ಸುಮ್ಮನೆ ಹೇಗೆ ಬಿಟ್ಟಾನು?

"ಇದು ಪಲ್ಯದ ಮಾತಲ್ಲರಿ" ಎಂದ. "ಉಪ್ಪು ಅಂದ್ರ ಸಂಸಾರ. ಎರಡು ರೊಟ್ಟಿ ಅಂದ್ರ ಒಂದು ಇಹ, ಒಂದು ಪರ. ಹೋಗೋದು ಅವ್ರಿಗೆ ಗೊತ್ತಾಗಿತ್ತು."

"ಹಂಗಾದ್ರ ಪುಂಡಿಪಲ್ಯ ಅಂದ್ರ ಏನ್ರಿ?" ಎಂದು ಯಾರೋ ಕೇಳಿದರು.

ಗಾದೆಪ್ಪ ಸ್ವಲ್ಪ ಯೋಚಿಸಿದ. "ಹುಳಿ ಇರ್ತೈತಲ್ಲ. ಅದೂ ಸಂಸಾರನ."

ಒಳಗೆ ಕೂತು ಇದನ್ನು ಕೇಳಿಸಿಕೊಂಡ ನಾಗಲಿಂಗಮ್ಮನಿಗೆ ಮೊದಲು ಬಂದದ್ದು ನಾಚಿಕೆ. ಕೈಹಿಡಿದ ದಿನದಿಂದ ತನ್ನ ಅಡುಗೆಗೆ ಉಪ್ಪು ಖಾರದ ಮಾತಾಡದ ಗಂಡ, ಹೋಗುವ ದಿನ ಊರಿಗೆಲ್ಲ ಸಾರಿ ಹೋಗಿದ್ದಾನೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಅಷ್ಟರಲ್ಲಿ ಚೌಡಕ್ಕ ಬಾಯಿ ಹಾಕಿದಳು. ಸಮಾಧಾನ ಹೇಳಲಿಕ್ಕೆಂದೇ ಹೇಳಿದಳು, ಪಾಪ.

"ಅರ್ಥ ಗಿರ್ಥ ಏನೂ ಅಲ್ಲ ತಗೀರಿ. ಜೀವ ಹೊಂಡೋ ಮುಂದ ಮೊದ್ಲು ನಾಲಿಗಿ ಕೆಡ್ತೈತಿ. ನಮ್ಮ ಮಾವಗೂ ಹಂಗ ಆಗಿತ್ತು, ಹಿಂದಿನ ದಿನ ಪಾಯಸ ಕೊಟ್ರ ಕಹಿ ಐತಿ ಅಂದಿದ್ದ. ಇಲ್ಲಂದ್ರ ನಾಗಲಿಂಗಮ್ಮನ ಕೈಯಾಗ ಉಪ್ಪು ಹೆಚ್ಚಾಗಿದ್ದು ಯಾರು ಕಂಡಾರ?"

ನಾಚಿಕೆ ಅಲ್ಲಿಗೆ ಹೋಯಿತು. ಅದರ ಜಾಗದಲ್ಲಿ ಬಂದದ್ದು ಹೆದರಿಕೆ. ಸೋಮವಾರ ನಾಗಲಿಂಗಮ್ಮನದು ಒಪ್ಪತ್ತು. ರಾತ್ರಿ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಆ ಪಲ್ಯವನ್ನು ಅವಳು ಬಾಯಿಗೆ ಇಟ್ಟಿರಲೇ ಇಲ್ಲ. ಉಪ್ಪು ನಿಜಕ್ಕೂ ಹೆಚ್ಚಾಗಿದ್ದರೆ ಸರಿ, ತನ್ನ ಕೈ ತಪ್ಪಿತು, ಅವರು ಉಂಡು ಸುಮ್ಮನಾದರು. ಹೆಚ್ಚಾಗಿರದಿದ್ದರೆ? ಹಾಗಿದ್ದರೆ ಅವರ ನಾಲಗೆ ನಿನ್ನೆಯೇ ಕೆಟ್ಟಿತ್ತು, ಒಳಗೆ ಏನೋ ಶುರುವಾಗಿತ್ತು, ಎದುರಿಗೇ ಕೂತಿದ್ದ ತಾನು ನೋಡಲಿಲ್ಲ. ರಾತ್ರಿ ಎರಡು ಸಲ ಎದ್ದು ನೀರು ಕುಡಿದಿದ್ದರು. ಎಬ್ಬಿಸಿ ಡಾಕ್ಟರ ಹತ್ತಿರ ಕರೆದೊಯ್ಯಬಹುದಿತ್ತು. ಈ ಒಂದು ಸಂಗತಿ ಗೊತ್ತಾಗದೆ ಇನ್ನುಳಿದ ಆಯುಷ್ಯವನ್ನು ಹೇಗೆ ಕಳೆಯುವುದು?

ಅದಕ್ಕೇ ಗಡಿಗೆ. ಮಣ್ಣಾಗುವ ತನಕ ಮನೆಯವರು ಏನನ್ನೂ ಬಾಯಿಗೆ ಹಾಕುವಂತಿಲ್ಲ, ಹೆಂಡತಿಯಂತೂ ಹೆಣದ ಪಕ್ಕದಿಂದ ಏಳುವಂತಿಲ್ಲ. ಗಿಡ್ಡಮ್ಮ ಕೈ ತೊಳೆದುಕೊಂಡು ಬಂದು ಹತ್ತಿರ ಕೂತಾಗ ನಾಗಲಿಂಗಮ್ಮ ಮೆಲ್ಲಗೆ ಎಲ್ಲವನ್ನೂ ಹೇಳಿದಳು.

"ನಾ ಒಂಚೂರು ನಾಲಿಗಿಗೆ ಹಚ್ಚಿ ನೋಡಿ ಹೇಳ್ಲೇನಕ್ಕ?"

"ಬ್ಯಾಡ. ನಾನ ನೋಡ್ಬೇಕು. ಒಬ್ರು ಹೇಳಿದ್ದು ನಂಬಿದ್ರ ಏನಾಗ್ತೈತಿ ಅಂತ ನಿನಗ ಗೊತ್ತಿಲ್ಲೇನು?"

ಗಿಡ್ಡಮ್ಮನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಅವಳು ತನ್ನ ಕೈಬಳೆ ಒಮ್ಮೆ ತಿರುಗಿಸಿಕೊಂಡಳು.

*

ಹದಿಮೂರು ವರ್ಷದ ಹಿಂದೆ, ತೊಂಬತ್ತೊಂದರ ಸುಮಾರಿಗೆ, ಆ ಹಲಗೆಯ ಮೇಲೆ ಬೇರೆಯದೇ ಬರೆಹ ಇರುತ್ತಿತ್ತು. 'ತಾಜಾ ಸುದ್ದಿ' ಎಂದು ಮೇಲೆ ಬಣ್ಣದಲ್ಲಿ ಬರೆಸಿದ್ದ. ಪೇಪರಿನಲ್ಲಿ ಬಂದದ್ದು, ರೇಡಿಯೋದಲ್ಲಿ ಕೇಳಿದ್ದು, ಬಸ್ಸಿನವರು ಹೇಳಿದ್ದು, ಎಲ್ಲವೂ ಅಲ್ಲಿ ಏರುತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ಮೊದಲು ತನಗೆ ಗೊತ್ತು ಎನ್ನುವ ಒಂದು ಠೇಂಕಾರವೂ ಆಗ ಪಂಚಾಕ್ಷರಪ್ಪನಿಗೆ ಇತ್ತು. ಹೆಗಲ ಮೇಲಿನ ಟವೆಲ್ಲು ಸಹ ನೆಟ್ಟಗೆ ಕೂತಿರುತ್ತಿತ್ತು.

ಒಂದು ದಿನ ಮಧ್ಯಾಹ್ನ ಹರಪನಹಳ್ಳಿ ಬಸ್ಸಿನಿಂದ ಇಳಿದವನೊಬ್ಬ, ಹಲವಾಗಲಿನ ಹತ್ತಿರ ಹೊಳೆಯಲ್ಲಿ ಹರಿಗೋಲು ಮುಗುಚಿತಂತೆ, ಕೊಟ್ಟೂರಿನ ಮದುವೆ ದಿಬ್ಬಣವಂತೆ ಎಂದ. ಬೆಳಿಗ್ಗೆ ದಿಬ್ಬಣ ಹೊರಟದ್ದು ನಿಜ, ಹೊಳೆ ದಾಟಬೇಕಿದ್ದದ್ದೂ ನಿಜ. ಪಂಚಾಕ್ಷರಪ್ಪ ಎರಡನೆಯ ಮಾತು ಕೇಳಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡ. 'ಹಲವಾಗಲು ಬಳಿ ಹರಿಗೋಲು ಮುಳುಗಡೆ. ಕೊಟ್ಟೂರು ದಿಬ್ಬಣದವರು ನೀರುಪಾಲು.'

ಗಿಡ್ಡಮ್ಮನ ಗಂಡ ಜೋಗಪ್ಪ ಅದೇ ದಿಬ್ಬಣದ ಜೊತೆ ಅಡುಗೆಯ ಕೆಲಸಕ್ಕೆ ಹೋಗಿದ್ದ. ಅವಳಿಗೆ ಓದು ಬಾರದು, ಆದರೆ ಓದಿ ಹೇಳುವವರಿಗೇನು ಬರ? ಅವಳು ಅದೇ ಜಗಲಿಯ ಕಂಬಕ್ಕೆ ಎರಡೂ ಕೈ ಬಡಿದಳು. ಹಸಿರು ಬಳೆ ಚೂರುಚೂರಾಗಿ ಅಂಗಳಕ್ಕೆಲ್ಲ ಹಾರಿದವು. ಇಡೀ ಓಣಿ ಸೇರಿ ಅತ್ತಿತು. ಇಬ್ಬರು ಹೆಂಗಸರು ಅವಳ ಹಣೆ ಒರೆಸಲಿಕ್ಕೂ ಮುಂದಾಗಿದ್ದರು.

ಸಂಜೆಯ ಬಸ್ಸಿಗೆ ಜೋಗಪ್ಪ ಇಳಿದು ಬಂದ. ಮೊಣಕಾಲ ತನಕ ಒಣಗಿದ ಕೆಸರು. ಕೈಯಲ್ಲಿ ಮದುವೆ ಮನೆಯ ಬುಂದಿಲಾಡಿನ ಪೊಟ್ಟಣ. ಹೊಳೆಗೆ ಬಿದ್ದದ್ದು ಒಂದು ಅನ್ನದ ಕೊಪ್ಪರಿಗೆ, ಅದೂ ದಂಡೆಯಲ್ಲಿ. ಅದನ್ನು ಹಿಡಿಯಲು ಇವನೇ ನೀರಿಗೆ ಇಳಿದಿದ್ದನಂತೆ. ಹೆಂಡತಿಯ ಬರಿಗೈ ನೋಡಿ, "ಯಾಕಲೇ, ಬಳಿ ಏನಾದ್ವು?" ಎಂದು ಕೇಳಿದ. ಅವಳು ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು.

ಮರುದಿನ ಪಂಚಾಕ್ಷರಪ್ಪ ಬಳೆಗಾರನನ್ನು ಕರೆದುಕೊಂಡು ಅವರ ಮನೆಗೆ ಹೋದ. ಗಿಡ್ಡಮ್ಮ ಬಳೆ ಇಡಿಸಿಕೊಳ್ಳುವ ತನಕ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಬಳೆ ಇಟ್ಟಾದ ಮೇಲೆ ಅವಳೇ, "ಬರ್ರಿ ಅಣ್ಣಾರ, ಬುಂದಿಲಾಡು ತಿನ್ನುವಿರಂತೆ" ಎಂದು ಕರೆದಳು. ಅವನು ಅದನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಹೊರಟ.

ಅಂದು ಸಂಜೆ 'ತಾಜಾ ಸುದ್ದಿ' ಎಂಬ ಬಣ್ಣದ ಅಕ್ಷರಗಳನ್ನು ಚಾಕುವಿನಿಂದ ಕೆರೆದು ತೆಗೆದ. ಆಮೇಲೆ ಬಹಳ ದಿನ ಹಲಗೆ ಖಾಲಿ ಇತ್ತು. ಮತ್ತೆ ಬರೆದಾಗ ಬರೆದದ್ದು ಇಷ್ಟು: 'ಗಿಡ್ಡಮ್ಮನ ಕೈಯಲ್ಲಿ ಬಳೆ ಇವೆ. ನಾನೇ ನೋಡಿದೆ.'

*

ಹನ್ನೊಂದಕ್ಕೆ ಮಗಳು ಗಂಗಾಂಬಿಕಾ ಹಡಗಲಿಯಿಂದ ಗಂಡನ ಜೊತೆ ಬಂದಳು. ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಒಳಗೆ ಬಂದು ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು, ಹೊರಗೆ ಹೋಗಿ ಹಲಗೆಯ ಎದುರು ನಿಂತು ಮತ್ತೆ ಅತ್ತಳು. ಆಮೇಲೆ ಬಂದು ತಾಯಿಯ ಕೈ ಹಿಡಿದುಕೊಂಡಳು.

"ಅವ್ವಾ, ಆ ಹಲಗಿ ಯಾರೂ ಮುಟ್ಟಬಾರ್ದು ಅಂತ ಹೇಳೀನಿ. ಅದಕ್ಕ ಗಾಜು ಹಾಕಿಸ್ತೀನಿ. ಅಪ್ಪನ ಕೊನೀ ಅಕ್ಷರ."

"ನಿಮ್ಮಪ್ಪ ದಿನಾ ಒರಸ್ತಿದ್ರು."

"ದಿನಾ ಒರಸಿದ್ದಕ್ಕ ಇದೊಂದ ಉಳದೈತಿ. ಎಷ್ಟು ವರ್ಷ ಬರದ್ರು, ಒಂದಾದ್ರೂ ಐತೇನು ನಮ್ಮ ಹತ್ರ? ನಾ ಎಷ್ಟು ಸಲ ಹೇಳಿದ್ದೆ, ಒಂದು ವಹಿಯಾಗ ಬರದಿಡ್ರಿ ಅಂತ. ನಗ್ತಿದ್ರು. ಉಂಡ ತಾಟು ತೊಳೀಬೇಕವ್ವ ಅಂತಿದ್ರು."

ಮಗಳು ಹೇಳುವುದೂ ಸುಳ್ಳಲ್ಲ.

ಆ ಹೊತ್ತಿಗೆ ಕೇಬಲ್ಲಿನ ಪ್ರವೀಣಕುಮಾರ ಕ್ಯಾಮೆರಾ ಹಿಡಿದು ಬಂದ. ಊರಿನ ಮನೆಮನೆಗೆ ಕೇಬಲ್ ಎಳೆದವನು, ಊರಿನದೇ ಒಂದು ಚಾನೆಲ್ಲನ್ನೂ ನಡೆಸುವವನು. ಮದುವೆ, ಜವಳ, ಸತ್ತವರ ಫೋಟೋ, ಕಳೆದ ಎಮ್ಮೆ, ಎಲ್ಲವನ್ನೂ ಅದರಲ್ಲಿ ತೋರಿಸುತ್ತಿದ್ದ. ಹುಡುಗ ಕೆಟ್ಟವನಲ್ಲ. ಪಂಚಾಕ್ಷರಪ್ಪನ ಮೇಲೆ ಭಕ್ತಿಯೇ ಇತ್ತು. ಹಲಗೆಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಹಿಡಿದುಕೊಂಡು ಹೋದ. ಅರ್ಧ ಗಂಟೆಯಲ್ಲಿ ಊರಿನ ಟೀವಿಗಳಲ್ಲೆಲ್ಲ ಅದೇ. ಕೆಳಗೆ ಅಕ್ಷರಗಳು ಓಡುತ್ತಿದ್ದವು: 'ಪಂಚಾಕ್ಷರಪ್ಪನವರ ಅಂತಿಮ ಸಂದೇಶ.' ಜೊತೆಗೆ ಗಾದೆಪ್ಪನ ಇಹಪರದ ಅರ್ಥವೂ.

ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಮಧ್ಯಾಹ್ನದ ನಂತರ ಬಂದವರೆಲ್ಲ ಟೀವಿ ನೋಡಿಯೇ ಬಂದವರು. ಹಾರ ಹಾಕಿ, ಕೈ ಮುಗಿದು, ನಾಗಲಿಂಗಮ್ಮನ ಕಡೆ ತಿರುಗಿದರೆ ಅವರ ಮುಖದಲ್ಲಿ ಒಂದು ಪ್ರಶ್ನೆ ಸುಳಿದು ಹೋಗುವುದು ಅವಳಿಗೆ ಕಾಣುತ್ತಿತ್ತು. ಉಜ್ಜಿನಿಯಿಂದ ಬಂದ ದೂರದ ನಾದಿನಿ ಕೇಳಿಯೇಬಿಟ್ಟಳು.

"ಹೌದೇನ ವೈನಿ, ಉಪ್ಪು ಅಂದ್ರ ಸಂಸಾರ ಅಂತ?"

"ಉಪ್ಪಂದ್ರ ಉಪ್ಪು" ಎಂದಳು ನಾಗಲಿಂಗಮ್ಮ. "ಅವ್ರು ಸಂಸಾರ ಅಂತ ಬರೀಬೇಕಂದ್ರ ಸಂಸಾರ ಅಂತ ಬರೀತಿದ್ರು."

ಎದುರು ಗೋಡೆಯ ಬದಿಗೆ ಟೀವಿ ಇತ್ತು, ಇಳಕಲ್ ಸೀರೆ ಹೊದ್ದು. ನಿನ್ನೆ ಸಂಜೆ ಅವರೇ ಹೊದಿಸಿದ್ದು. ಅದನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು. ಯಾಕೆಂದರೆ ಉಪ್ಪು ಹಾಕುವಾಗ ತನ್ನ ಕಣ್ಣು ಎಲ್ಲಿತ್ತು ಎನ್ನುವುದು ಅವಳಿಗೆ ಮಾತ್ರ ಗೊತ್ತಿತ್ತು.

*

ಸೋಮವಾರ ಸಂಜೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕಿವಿಯೋಲೆ ಕದ್ದಿದ್ದಳು. ಇವತ್ತು ಸಿಕ್ಕಿಬೀಳುತ್ತಾಳೋ ಇಲ್ಲವೋ ಎನ್ನುವುದು ಅರ್ಧ ಕೊಟ್ಟೂರಿನ ಚಿಂತೆಯಾಗಿತ್ತು. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಟೀವಿ ಓರೆಯಾಗಿ ಕಾಣುತ್ತದೆ. ನಾಗಲಿಂಗಮ್ಮ ಒಲೆಯ ಮೇಲೆ ಪುಂಡಿಪಲ್ಯ ಇಟ್ಟು, ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಸೊಪ್ಪು ಬೆಂದಾಗ ಒಂದು ಸಲ ಉಪ್ಪು ಹಾಕಿದ್ದು ನೆನಪಿದೆ. ಆಮೇಲೆ ಸೊಸೆ ಬೀರುವಿನ ಕೀಲಿ ಹಿಡಿದು ನಿಂತಾಗ ಜಾಹೀರಾತು ಬಂತು, ಇವಳು ಒಲೆಯ ಹತ್ತಿರ ಓಡಿದಳು. ಆಗ ಉಪ್ಪಿನ ಮರಿಗೆಗೆ ಕೈ ಹೋಗಿತ್ತೋ ಖಾರದ ಡಬ್ಬಿಗೆ ಹೋಗಿತ್ತೋ, ದೇವರಾಣೆ ನೆನಪಿಲ್ಲ.

ಪಂಚಾಕ್ಷರಪ್ಪ ಗೋಡೆಗೆ ಆತುಕೊಂಡು ನಿನ್ನೆಯ ಪೇಪರ್ ಓದುತ್ತಿದ್ದ. ಅವಳು ತಾಟು ಇಟ್ಟಳು. ಮೊದಲ ತುತ್ತು ಬಾಯಿಗಿಟ್ಟವನು ಪೇಪರ್ ಕೆಳಗಿಟ್ಟ. ಹೆಂಡತಿಯ ಕಡೆ ನೋಡಿದ. ಅವಳ ಕಣ್ಣು ಟೀವಿಯಲ್ಲಿ.

"ಇನ್ನೊಂದು ರೊಟ್ಟಿ ಹಾಕು" ಎಂದ.

ಅವಳು ನೋಡದೆಯೇ ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಕೇಳಿದ. ದಿನಾ ಎರಡರ ಮೇಲೆ ಮುಟ್ಟದವನು ಅಂದು ನಾಲ್ಕು ಉಂಡ. ಪಲ್ಯ ಅಷ್ಟು ರುಚಿಯಾಗಿದೆ ಎಂದು ಅವಳು ಒಳಗೊಳಗೇ ಹಿಗ್ಗಿದಳು. ಧಾರಾವಾಹಿ ಮುಗಿಯಿತು, ಅತ್ತೆ ಸಿಕ್ಕಿಬೀಳಲಿಲ್ಲ.

"ಸಿಕ್ಕಳೇನು?" ಎಂದು ಕೇಳಿದ, ಟೀವಿಗೆ ಸೀರೆ ಹೊದಿಸುತ್ತ.

"ಎಲ್ಲಿ ಸಿಗ್ತಾಳ್ರೀ. ನಾಳಿಗೆ ಅಂತ."

"ಮತ್ತ ಹಂಗಾದ್ರ ನಾಳಿತನಾ ಬದುಕಬೇಕಾತು" ಎಂದು ನಕ್ಕು, ಸೀಮೆಸುಣ್ಣ ತೆಗೆದುಕೊಂಡು ಜಗಲಿಗೆ ಹೋದ. ಹಲಗೆಯ ಮೇಲೆ ಸುಣ್ಣ ಕಿರುಗುಟ್ಟುವ ಸದ್ದು ಅವಳಿಗೆ ಕೇಳಿಸಿತು. ಒಳಗೆ ಬಂದವನ ಮುಖದಲ್ಲಿ ಕಳ್ಳನಗೆ ಇತ್ತು. ಏನು ಬರೆದಿರಿ ಎಂದು ಅವಳು ಕೇಳಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಓದಿಕೊಳ್ಳುವುದು ಅವಳ ರೂಢಿ. "ನೀನೂ ಒಂದಿನ ಒಂದು ಸಾಲು ಬರಿಯಲ್ಲ" ಎಂದು ಅವನು ಎಷ್ಟೋ ಸಲ ಕರೆದಿದ್ದ. ಏಳನೆಯ ಇಯತ್ತೆಯ ತನಕ ಓದಿದವಳು. ಆದರೂ, "ನನ್ನ ಕಣ್ಣಿಗೆ ಬಿದ್ದದ್ದು ಊರಿಗ್ಯಾಕ್ರಿ" ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ರಾತ್ರಿ ಅವನು ನೀರಿಗೆ ಎದ್ದಾಗ ಅವಳಿಗೆ ಎಚ್ಚರವಾಗಿತ್ತು.

"ಯಾಕ್ರಿ?"

"ನೀರಡಿಕಿ. ಮಲಕ್ಕೊ ನೀನು."

*

ನಾಲ್ಕಕ್ಕೆ ಹೆಣ ಕೂರಿಸಿದ ಹೂವಿನ ಮಂಟಪ ಹೊರಟಿತು. ಭಜನೆಯವರು ಮುಂದೆ, ಅರ್ಧ ಊರು ಹಿಂದೆ. ಅದರಲ್ಲಿ ಬೆಳಿಗ್ಗೆ ಪೇಪರ್ ಸಿಗದವರೆಲ್ಲ ಇದ್ದರು. ಹೊರಡುವ ಮೊದಲು ನಾಗಲಿಂಗಮ್ಮ ಗಿಡ್ಡಮ್ಮನನ್ನು ಕಣ್ಣಿನಲ್ಲೇ ಹುಡುಕಿದಳು.

"ನಾ ಮಣ್ಣಿಗೆ ಬರಂಗಿಲ್ಲಕ್ಕ" ಎಂದಳು ಗಿಡ್ಡಮ್ಮ, ಕಣ್ಣೀರು ಸೆರಗಿಗೆ ಒರೆಸಿಕೊಳ್ಳುತ್ತ. "ಹೆಣ ಎತ್ತಿದ ಮ್ಯಾಲೆ ಮನಿ ತೊಳೀತಾರ. ಇದ್ದ ಬದ್ದ ಗಡಿಗಿ ಎಲ್ಲ ತಿಕ್ಕಿ ಒಗೀತಾರ. ನಾ ಇಲ್ಲೇ ಕುಂದುರ್ತೀನಿ. ಅಣ್ಣಾರಿಗೆ ನನ್ನ ಹೆಸರಿಲೆ ಒಂದು ಹಿಡಿ ಮಣ್ಣು ನೀನ ಹಾಕು."

ಕುಳಿಯ ಗೂಡಿನಲ್ಲಿ ಪಂಚಾಕ್ಷರಪ್ಪನನ್ನು ಕೂರಿಸಿದರು. ಸ್ವಾಮಿಗಳು ಮಂತ್ರ ಹೇಳಿದರು. ಬಿಲ್ವಪತ್ರೆ ಆಯಿತು, ವಿಭೂತಿ ಆಯಿತು. ಆಮೇಲೆ ಕುಳಿಗೆ ತುಂಬುವ ಉಪ್ಪು. ಗಾದೆಪ್ಪನ ಅಂಗಡಿಯಿಂದಲೇ ಬಂದ ಹರಳುಪ್ಪಿನ ಚೀಲ. ಗಾದೆಪ್ಪ ಚೀಲದ ಬಾಯಿ ಬಿಚ್ಚಿದವನು ಹಾಗೆಯೇ ನಿಂತ. ಯಾರೂ ನಾಗಲಿಂಗಮ್ಮನ ಕಡೆ ನೋಡಲಿಲ್ಲ, ಎಲ್ಲರೂ ನೋಡದೆ ಇರಲು ಪಾಡುಪಡುತ್ತಿದ್ದರು.

ಅವಳು ಮುಂದೆ ಬಂದು ಚೀಲದಿಂದ ತಾನೇ ಒಂದು ಹಿಡಿ ತೆಗೆದುಕೊಂಡಳು. ಗಂಡನ ಮಡಿಲಿಗೆ ಬೀಳುವ ಹಾಗೆ ಹಾಕಿದಳು.

"ಹಾಕ್ರಿ ಗಾದೆಪ್ನೋರ. ಹೆಚ್ಚಾದ್ರೂ ಅವ್ರು ಏನೂ ಅನ್ನಂಗಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಆಮೇಲೆ ಗಾದೆಪ್ಪನೇ ನಕ್ಕ. ನಗುತ್ತ ಚೀಲ ಎತ್ತಿದವನ ಕಣ್ಣಿನಿಂದ ನೀರು ಸುರಿಯಿತು. ಮಣ್ಣು ಕೊಡುವವರ ಸಾಲು ಹಾಗೆ ನಗುತ್ತ, ಅಳುತ್ತಲೇ ಸಾಗಿತು. ನಾಗಲಿಂಗಮ್ಮ ಎರಡು ಹಿಡಿ ಹಾಕಿದಳು, ಒಂದು ತನ್ನದು, ಒಂದು ಗಿಡ್ಡಮ್ಮನದು.

*

ವಾಪಸು ಬಂದಾಗ ಸೂರ್ಯ ಮುಳುಗಲಿಕ್ಕಾಗಿತ್ತು. ಮನೆಯ ನೆಲವೆಲ್ಲ ತೊಳೆದು ಒದ್ದೆಯಾಗಿತ್ತು. ಪಡಸಾಲೆಯಲ್ಲಿ ದೀಪ ಇಟ್ಟಿದ್ದರು. ಓಣಿಯವರು ರೊಟ್ಟಿ ಬುಟ್ಟಿ, ಬೇಳೆ, ಅನ್ನ ತಂದಿಟ್ಟಿದ್ದರು. ನಾಗಲಿಂಗಮ್ಮ ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ನೆಟ್ಟಗೆ ಹಿತ್ತಲಿಗೆ ಹೋದಳು.

ಕಲ್ಲುಬಂಡೆಯ ಮೇಲೆ ಪಾತ್ರೆಗಳೆಲ್ಲ ತಿಕ್ಕಿಸಿಕೊಂಡು ಸಾಲಾಗಿ ಕವುಚಿ ಬಿದ್ದಿದ್ದವು. ಪಲ್ಯದ ಗಡಿಗೆ ಅವುಗಳಲ್ಲಿದೆಯೇ ಎಂದು ಅವಳು ಕಣ್ಣಾಡಿಸಿದಳು. ಕರಿಬೇವಿನ ಗಿಡದ ಬುಡದಲ್ಲಿ ಗಿಡ್ಡಮ್ಮ ಕವುಚಿದ ಬುಟ್ಟಿಗೆ ಆತುಕೊಂಡು ಕೂತಿದ್ದಳು.

"ಎರಡು ಸಲ ಕಸಗೊಳ್ಳಾಕ ಬಂದಿದ್ರು. ಬೈದು ಕಳಿಸೀನಿ" ಎಂದಳು.

ಅವಳೇ ಕಲ್ಲು ಇಳಿಸಿ ಬುಟ್ಟಿ ಎತ್ತಿದಳು, ತಾಟು ಸರಿಸಿದಳು. ಪುಂಡಿಪಲ್ಯ ಹುಳಿಯಾದ್ದರಿಂದ ಕೆಟ್ಟಿರಲಿಲ್ಲ. ಗಡಿಗೆಯ ಅಂಚಿನಲ್ಲಿ, ಅವರು ಇನ್ನೊಂದು ರೊಟ್ಟಿ ಕೇಳಿದಾಗ ಪಲ್ಯ ತೋಡಿ ಬಡಿಸಿದ ಗುರುತು ಇತ್ತು. ನಾಗಲಿಂಗಮ್ಮ ಕೂತುಕೊಂಡಳು. ಬೆರಳನ್ನು ಅದ್ದುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿದಳು. ಹೆಚ್ಚಾಗಿರಲಿ ಶಿವನೇ ಎಂದು ಬೇಡಿಕೊಂಡಳು. ತನ್ನ ಅಡುಗೆ ಕೆಟ್ಟಿರಲಿ ಎಂದು ಯಾವ ಹೆಂಗಸಾದರೂ ಬೇಡಿಕೊಂಡಾಳೇ? ಅವಳು ಬೇಡಿಕೊಂಡಳು.

ಬಾಯಿಗಿಟ್ಟಳು.

ಮುಖ ಕಿವುಚಿತು, ಕಣ್ಣಿನಲ್ಲಿ ನೀರು ಬಂತು. ಗಿಡ್ಡಮ್ಮ ಗಾಬರಿಯಾದಳು.

"ಏನಕ್ಕ? ಹೆಂಗೈತಿ?"

"ಉಪ್ಪು ಗಿಡ್ಡಮ್ಮ. ಬಾಯಾಗ ಇಡಾಕ ಆಗವಲ್ದು. ಎರಡು ಸಲ ಹಾಕೀನಿ ನಾನು." ಅವಳಿಗೆ ನಗು ತಡೆಯಲಿಲ್ಲ. "ಇದನ್ನ ನಾಕು ರೊಟ್ಟಿಗೆ ಹಚ್ಕೊಂಡು ಉಂಡಾರ ನೋಡು. ಒಂದು ಕೈ ಅಂತ ಬರದಾರ. ಮೂರು ಕೈ ಐತಿ."

"ಹಂಗಾದ್ರ ನಾಲಿಗಿ?"

"ನಾಲಿಗಿ ನೆಟ್ಟಗ ಇತ್ತು. ಅವ್ರೂ ನೆಟ್ಟಗ ಇದ್ರು." ಅಷ್ಟು ಹೇಳುವಾಗ ನಗು ಅಳುವಾಯಿತು. ಗಿಡ್ಡಮ್ಮ ಬಳೆಗೈಯಿಂದ ಅವಳ ಬೆನ್ನು ಸವರಿದಳು. ಇಬ್ಬರೂ ಕರಿಬೇವಿನ ಗಿಡದ ಕೆಳಗೆ ಮನಸ್ಸು ಹಗುರಾಗುವ ತನಕ ಅತ್ತರು.

ಆಮೇಲೆ ನಾಗಲಿಂಗಮ್ಮ ಗಡಿಗೆಯನ್ನು ಎತ್ತಿಕೊಂಡು, ಮನೆಯ ಪಕ್ಕದ ಸಂದಿಯಿಂದ ಜಗಲಿಗೆ ಬಂದಳು. ಹಲಗೆಯ ಮೊಳೆಗೆ ಒರೆಸುವ ಬಟ್ಟೆ ತೂಗುತ್ತಿತ್ತು. ಹೊರಗಿನ ತೊಟ್ಟಿಯ ನೀರಿನಲ್ಲಿ ಅದನ್ನು ಅದ್ದಿ ಹಿಂಡುವಾಗ ಗಂಗಾಂಬಿಕಾ ಬಾಗಿಲಿಗೆ ಬಂದಳು.

"ಅವ್ವಾ, ಬ್ಯಾಡ."

"ಹೊತ್ತು ಮುಳಗೈತಿ ತಾಯಿ. ಇದು ನಿನ್ನೀದು."

"ಕೊನೀದು ಅವ್ವ."

"ಯಾರು ಹೇಳಿದ್ರು ಕೊನೀದು ಅಂತ? ಆ ಟೀವಿಯಾಗ ಹೇಳಿದ್ರೇನು?" ತಾಯಿ ಮಗಳ ಕಡೆ ತಿರುಗಿದಳು. "ನಿಮ್ಮಪ್ಪ ನಿನ್ನಿ ಉಂಡದ್ದು ಬರದು ಮಲಗ್ಯಾರ. ಅಷ್ಟ. ಇದಕ್ಕ ಗಾಜು ಹಾಕಿದ್ರ ಗಾದೆಪ್ಪ ದಿನಾ ಒಂದು ಅರ್ಥ ಹೇಳ್ತಾನ. ನನಗ ಆಗಂಗಿಲ್ಲ."

ತಡೆಯಲು ಮುಂದೆ ಬಂದ ಗಂಗಾಂಬಿಕಾ ತಡೆಯಲಿಲ್ಲ. ನಾಗಲಿಂಗಮ್ಮ ಮೇಲಿನ ಸಾಲಿನಿಂದ ಶುರುಮಾಡಿ ಮೆಲ್ಲಗೆ ಒರೆಸಿದಳು. ಕೊನೆಗೆ ಉಳಿದ 'ಉಂಡೆ' ಎಂಬುದನ್ನು ಒರೆಸುವಾಗ ಮಾತ್ರ ಕೈ ಸ್ವಲ್ಪ ನಿಂತಿತು. ಸೆರಗಿನಿಂದ ಹಲಗೆ ಒಣಗಿಸಿ, ಚೌಕಟ್ಟಿನ ಮೇಲೆ ಅವನು ಇಡುತ್ತಿದ್ದ ಜಾಗದಿಂದಲೇ ಸೀಮೆಸುಣ್ಣ ತೆಗೆದುಕೊಂಡಳು. ಏಳನೆಯ ಇಯತ್ತೆಯ ದುಂಡು ಅಕ್ಷರ. ಸಾಲು ಏರಿ ಇಳಿದು ಹೋಯಿತು.

'ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು ಖರೆ. ನಾನೂ ತಿಂದು ನೋಡಿದೆ.'

ಬೀದಿಯಲ್ಲಿ ಅಂಗಡಿ ಮುಚ್ಚಿ ಹೋಗುತ್ತಿದ್ದ ಒಬ್ಬ ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟ. ಓದಿದ. ಮತ್ತೊಮ್ಮೆ ಓದಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಗಂಗಾ, ಒಳಗಿಂದ ರೊಟ್ಟಿ ತಗೊಂಡು ಬಾ" ಎಂದಳು ನಾಗಲಿಂಗಮ್ಮ. ಹಲಗೆಯ ಕೆಳಗೆ ಜಗಲಿಯ ಮೇಲೆ ಕೂತು, ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಾವಿನ ಮನೆಯ ಪಲ್ಯ ತಿನ್ನಬಾರದೆಂದು ಒಳಗಿನಿಂದ ಚೌಡಕ್ಕನ ದನಿ ಬಂತು. ಮಗಳು ರೊಟ್ಟಿಯ ಬುಟ್ಟಿಯನ್ನೂ ಒಂದು ಚೊಂಬು ನೀರನ್ನೂ ತಂದಿಟ್ಟು ಪಕ್ಕದಲ್ಲೇ ಕೂತಳು. ತಾಯಿ ಮೊದಲ ರೊಟ್ಟಿ ಮುರಿದು, ಪಲ್ಯ ಹಚ್ಚಿ ಉಂಡಳು, ಒಂದು ಗುಟುಕು ನೀರು ಕುಡಿದಳು. ಆಮೇಲೆ ಬುಟ್ಟಿಯಿಂದ ಎರಡನೆಯ ರೊಟ್ಟಿ ತೆಗೆದುಕೊಂಡಳು.